ಲ್ಯಾಬಿನ ಬೋರ್ಡಿಗೆ ಟಾರ್ಪಾಲು ಕಟ್ಟಿದ ದಿನಗಳು

ಕೆಲವರ ಮನೆಗೆ ನೆಂಟರು ಬರುವ ಹಾಗೆ ನಮ್ಮ ಲ್ಯಾಬಿಗೆ ಪೇಚಾಟಗಳು ಬರುತ್ತವೆ. ಹೇಳದೆ ಕೇಳದೆ, ಒಂದರ ಹಿಂದೆ ಒಂದು. ಬಂದ ಮೇಲೆ ಬೇಗ ಹೊರಡುವುದೂ ಇಲ್ಲ.

ನಾನು ಕುಶಾಲನಗರದ ಒಂದು ಖಾಸಗಿ ಆಹಾರ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ಜೇನು, ಕಾಳುಮೆಣಸು, ಕಾಫಿಪುಡಿ, ಉಪ್ಪಿನಕಾಯಿ, ಮನೆಯಲ್ಲೇ ಮಾಡಿದ್ದು ಎಂದು ಫ್ಯಾಕ್ಟರಿಯಲ್ಲಿ ಮಾಡಿದ ಚಾಕೊಲೇಟು, ಹೀಗೆ ಯಾರು ಏನು ತಂದರೂ ಅದರಲ್ಲಿ ಏನಿದೆ, ಏನು ಇರಬಾರದಿತ್ತು ಎಂದು ನೋಡಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಮನೆಯಲ್ಲಿ ನಾನು ಮಾಡಿದ ಸಾರಿಗೆ ಎರಡು ಸಲ ಉಪ್ಪು ಬಿದ್ದಿರುತ್ತದೆ, ಅದು ಬೇರೆ ವಿಷಯ.

ಶುಂಠಿ ತೊಳೆಯುವ ಶೆಡ್ಡಿನ ಪಕ್ಕದ ಕಟ್ಟಡದ ಮಹಡಿಯಲ್ಲಿ ನಮ್ಮ ಲ್ಯಾಬು. ಜನ ಮೂರೇ. ನಡೆಸುವವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಮೇಷ್ಟ್ರು. ಬಾಗಿಲಲ್ಲಿ ಕೂತು ಸ್ಯಾಂಪಲ್ಲು ತೆಗೆದುಕೊಳ್ಳುವವರು, ಬಾಟ್ಲಿ ತೊಳೆಯುವವರು, ಬಂದವರಿಗೆ ಕಾಫಿ ಕೊಡುವವರು ಎಲ್ಲ ಒಬ್ಬರೇ, ಮಾದಾಪುರದ ಕಡೆಯ ಅಕ್ಕ. ಮೂರನೆಯವಳು ನಾನು. ನಮ್ಮ ಮೂವರ ಅನ್ನ ಗೋಡೆಗೆ ತೂಗುಹಾಕಿದ ಒಂದು ಹಾಳೆಯ ಮೇಲೆ ನಿಂತಿದೆ. ಆಹಾರ ಸುರಕ್ಷತೆಯ ಕಾನೂನಿನ ಪ್ರಕಾರ ಈ ಲ್ಯಾಬಿನ ವರದಿ ನಂಬಬಹುದು ಎಂದು ಮೇಲಿನ ಕಚೇರಿಯವರು ಕೊಟ್ಟ ಮಾನ್ಯತೆ ಅದು. ಆ ಹಾಳೆ ಇದ್ದರೆ ನನ್ನ ಸಹಿಗೆ ಬೆಲೆ. ಇಲ್ಲದಿದ್ದರೆ ನನ್ನ ವರದಿಯಲ್ಲಿ ಬೋಂಡ ಕಟ್ಟಿಕೊಡಬಹುದು, ಅಷ್ಟೆ.

ಹೋದ ಮಳೆಗಾಲ ಆ ಮಾನ್ಯತೆಯನ್ನು ಅಮಾನತು ಮಾಡಿದರು.

ಬರಿದಾಗಿ ಕಳಿಸಬಾರದು

ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ನಮ್ಮಲ್ಲಿ ಯಾರೂ ಬರಿದಾಗಿ ವಾಪಸು ಕಳಿಸುವುದಿಲ್ಲ. ಒಂದು ಹಿಡಿ ಅಕ್ಕಿ, ಎರಡು ಬಾಳೆಹಣ್ಣು, ಏನೂ ಇಲ್ಲದಿದ್ದರೆ ಒಂದೆರಡು ಚಮಚ ಸಕ್ಕರೆ ಹಾಕಿ ಕೊಡುತ್ತೇವೆ. ಅಕ್ಕ ಇದೇ ರೂಢಿಯಲ್ಲಿ ಬೆಳೆದವರು. ಲ್ಯಾಬಿಗೆ ಬಂದ ಮಾತ್ರಕ್ಕೆ ರೂಢಿ ಬಿಟ್ಟುಹೋಗುತ್ತದೆಯೇ?

ನಮ್ಮ ಗಿರಾಕಿಗಳೂ ಅಂಥವರೇ. ಸ್ಯಾಂಪಲ್ಲು ತರುವುದು ಅವರವರ ಮನೆಯ ಬಾಟ್ಲಿಯಲ್ಲಿ, ಕೆಲಸ ಮುಗಿದ ಮೇಲೆ ಅದು ವಾಪಸು ಬೇಕು. ವರದಿ ಮರೆತು ಹೋದವರನ್ನು ನೋಡಿದ್ದೇನೆ, ಬಾಟ್ಲಿ ಮರೆತು ಹೋದವರನ್ನು ನೋಡಿಲ್ಲ. ಅಕ್ಕ ಬಾಟ್ಲಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಮುಚ್ಚಳ ಹಾಕಿ ಕೊಡುತ್ತಿದ್ದರು. ಮುಚ್ಚಳ ಹಾಕುವ ಮೊದಲು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು ಎಂಬುದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶ್ರೀಮಂಗಲದ ಕಡೆಯಿಂದ ಒಬ್ಬರು ಜೇನು ತರುತ್ತಾರೆ. ನಾವು ಅವರನ್ನು ಜೇನಮ್ಮ ಎನ್ನುತ್ತೇವೆ. ತೋಟದಲ್ಲಿ ಪೆಟ್ಟಿಗೆ ಇಟ್ಟು ತೆಗೆದ ಜೇನು, ಪ್ರತಿ ಸಲವೂ ಕಣ್ಣು ಮುಚ್ಚಿ ಪಾಸು ಮಾಡಬಹುದಾದಷ್ಟು ಒಳ್ಳೆಯದು. ನಾನು ಕಣ್ಣು ಬಿಟ್ಟೇ ನೋಡುತ್ತೇನೆ, ಹಾಗಾಗಿ ಆ ಸಲ ಅದರಲ್ಲಿ ಬೆರೆಸಿದ ಸಕ್ಕರೆ ಕಂಡಿತು. ಇದ್ದದ್ದನ್ನು ಬರೆದೆ. ಅವರ ಜೇನು ಕೊಳ್ಳುತ್ತಿದ್ದ ಅಂಗಡಿಯವನು ವರದಿ ನೋಡಿ ಬೆಚ್ಚಿದ. ಜೇನಮ್ಮ ಬಿಡುವವರೇ? ಅದೇ ಜೇನನ್ನು ಇನ್ನೊಂದು ಲ್ಯಾಬಿಗೆ ಕಳಿಸಿದರು. ಅಲ್ಲಿ ಅಪ್ಪಟ ಶುದ್ಧ ಎಂದು ಬಂತು. ಎರಡೂ ವರದಿ ಜೋಡಿಸಿ ಮೇಲಿನ ಕಚೇರಿಗೆ ದೂರು ಹಾಕಿ, ಆಮೇಲೆ ನೇರವಾಗಿ ನಮ್ಮ ಮೆಟ್ಟಿಲು ಹತ್ತಿದರು.

"ಜೇನಿಗೆ ಸಕ್ಕರೆ ಹಾಕೋಳ ಹಾಗೆ ಕಾಣ್ತೀನಾ ನಾನು?" ಎಂದು ಶುರು ಮಾಡಿದರು. "ಊರಲ್ಲಿ ತಲೆ ಎತ್ತಿ ನಡೆಯೋ ಹಾಗಿಲ್ಲ."

ಮೇಷ್ಟ್ರು ನಿಧಾನವಾಗಿ ಕೇಳಿದರು. "ಕೂತ್ಕೊಳಿ. ಸ್ಯಾಂಪಲ್ಲು ಯಾವುದರಲ್ಲಿ ತುಂಬಿದ್ರಿ?"

"ಇನ್ಯಾವುದರಲ್ಲಿ? ಪ್ರತಿ ಸಲ ಬೇರೆ ಬಾಟ್ಲಿ ತರ್ತಿದ್ದೆ, ಈ ಸಲ ನೀವೇ ಹೋದ ಸಲ ತೊಳೆದು ಕೊಟ್ಟ ಬಾಟ್ಲಿಯಲ್ಲಿ. ತಳದಲ್ಲಿ ಬಿಳಿ ಪುಡಿ ಕೂಡ ಹಾಗೇ ಇತ್ತು. ನಾನು ಮುಟ್ಟಲೇ ಇಲ್ಲ."

"ಯಾವ ಬಿಳಿ ಪುಡಿ?"

"ಟೆಸ್ಟಿಗೆ ಅಂತ ನೀವು ಹಾಕಿಕೊಡೋ ಔಷಧಿ! ಸೊಸೆ ಅದನ್ನ ಚೆಲ್ಲೋಕೆ ಹೋದ್ಲು. ಟೆಸ್ಟ್ ಕೆಟ್ಟುಹೋಗುತ್ತೆ ಕಣೇ ಅಂತ ಬೈದು ಅದರ ಮೇಲೇ ಜೇನು ಸುರಿದೆ."

ಮೇಷ್ಟ್ರು ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ. ಅಕ್ಕ ಸೆರಗಿನ ತುದಿ ನೋಡುತ್ತಾ ಹೇಳಿದರು.

"ಎರಡೇ ಚಮಚ ಹಾಕಿದ್ದು."

ಪದ್ಧತಿಗೊಂದು ನಂಬರು

ಮೇಲಿನ ಕಚೇರಿಯಿಂದ ನೋಟಿಸು ಬಂತು. ಎರಡು ವರದಿಗಳಲ್ಲಿ ಇಷ್ಟು ವ್ಯತ್ಯಾಸ ಏಕೆ, ನಿಮ್ಮ ಮಾನ್ಯತೆಯನ್ನು ಏಕೆ ಅಮಾನತು ಮಾಡಬಾರದು, ಕಾರಣ ತಿಳಿಸಿ. ಬಾಟ್ಲಿ ತೊಳೆಯುವಾಗ ತಪ್ಪಾಯಿತು ಎಂದು ಒಂದು ಸಾಲು ಬರೆದು ಮುಗಿಸೋಣ ಎಂದೆ ನಾನು.

"ಸುಳ್ಳು ಬರೆದು ಉಳಿಸಿಕೊಂಡ ಮಾನ್ಯತೆ ಯಾರಿಗಮ್ಮ ಬೇಕು?" ಎಂದರು ಮೇಷ್ಟ್ರು.

"ನನಗೆ ಬೇಕು ಸಾರ್," ಎಂದೆ.

ಮೇಷ್ಟ್ರು ಕೇಳಲಿಲ್ಲ. ನೋಟಿಸಿನ ಜೊತೆ ಒಂದು ಫಾರಂ ಇತ್ತು. ತಪ್ಪಿನ ಬೇರು ಸಿಗುವ ತನಕ ಐದು ಸಲ 'ಏಕೆ' ಎಂದು ಕೇಳಿಕೊಂಡು ಉತ್ತರ ತುಂಬಬೇಕು. ಮೇಷ್ಟ್ರು ಪರೀಕ್ಷೆಗೆ ಕೂತ ಹುಡುಗನ ಶ್ರದ್ಧೆಯಿಂದ ತುಂಬಿದರು. ಜೇನಿನಲ್ಲಿ ಸಕ್ಕರೆ ಏಕೆ ಬಂತು? ಬಾಟ್ಲಿಯಲ್ಲಿತ್ತು. ಬಾಟ್ಲಿಯಲ್ಲಿ ಏಕಿತ್ತು? ನಮ್ಮ ಸಿಬ್ಬಂದಿ ಹಾಕಿದರು. ಏಕೆ ಹಾಕಿದರು? ಬರಿದಾದ ಪಾತ್ರೆ ವಾಪಸು ಕಳಿಸಬಾರದು. ಏಕೆ ಕಳಿಸಬಾರದು? ಕೊಟ್ಟವರ ಮನೆ ಬರಿದಾಗಬಾರದು. ಏಕೆ ಬರಿದಾಗಬಾರದು? ಇಲ್ಲಿ ಮೇಷ್ಟ್ರು ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, "ಈ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ" ಎಂದು ಬರೆದು ಸಹಿ ಹಾಕಿದರು.

ಮರುಟಪಾಲಿನಲ್ಲಿ ಉತ್ತರ ಬಂತು. ಸದರಿ ಪದ್ಧತಿಯ ಲಿಖಿತ ಕಾರ್ಯವಿಧಾನ, ದಾಖಲೆಯ ನಂಬರು, ಅನುಮೋದಿಸಿದವರ ವಿವರ, ಕೊನೆಯ ಸಲ ಪರಿಷ್ಕರಿಸಿದ್ದು ಯಾವಾಗ, ಪರಿಷ್ಕರಣೆಯ ಸ್ವರೂಪವೇನು, ಇವಿಷ್ಟನ್ನೂ ಲಗತ್ತಿಸತಕ್ಕದ್ದು.

ಮೇಷ್ಟ್ರು ಅಕ್ಕನನ್ನು ಕರೆದು ಕೂರಿಸಿಕೊಂಡರು. "ಪಾತ್ರೆಗೆ ಏನಾದ್ರೂ ಹಾಕಿ ಕಳಿಸ್ಬೇಕು ಅಂತ ನಿಮಗೆ ಹೇಳಿದ್ದು ಯಾರು?"

"ನಮ್ಮಜ್ಜಿ."

"ಆಮೇಲೆ ಅದರಲ್ಲಿ ಏನಾದ್ರೂ ಬದಲಾವಣೆ ಆಯ್ತಾ?"

ಅಕ್ಕ ಯೋಚನೆ ಮಾಡಿದರು. "ಹ್ಞೂಂ ಸಾರ್. ಅಜ್ಜಿ ಕಾಲದಲ್ಲಿ ಬೆಲ್ಲ ಹಾಕ್ತಿದ್ರು. ನಮ್ಮಮ್ಮ ಬಂದ ಮೇಲೆ ಸಕ್ಕರೆ."

ಅನುಮೋದಿಸಿದವರು ಅಜ್ಜಿ, ಪರಿಷ್ಕರಿಸಿದವರು ಅಮ್ಮ ಎಂದು ಮೇಷ್ಟ್ರು ಅಚ್ಚುಕಟ್ಟಾಗಿ ಬರೆದು ಕಳಿಸಿದರು. ಅಮಾನತಿನ ಆದೇಶಕ್ಕೆ ಇನ್ನು ಯಾವ ಕೊರತೆಯೂ ಉಳಿಯಲಿಲ್ಲ.

ಉದ್ಘಾಟನೆ ಯಾವಾಗ?

ಆದೇಶದಲ್ಲಿ ಮೂರು ಮಾತಿತ್ತು. ಸ್ಯಾಂಪಲ್ಲು ತೆಗೆದುಕೊಳ್ಳಬಾರದು, ವರದಿ ಕೊಡಬಾರದು, ಮಾನ್ಯತೆ ಇದೆ ಎಂದು ಎಲ್ಲಿಯೂ ತೋರಿಸಿಕೊಳ್ಳಬಾರದು. ಕೊಟ್ಟ ಗಡುವಿನೊಳಗೆ ತಪ್ಪು ತಿದ್ದಿಕೊಂಡು, ಪರಿಶೀಲನೆಯಲ್ಲಿ ಪಾಸಾಗಿ, ಅಮಾನತು ತೆರವಾದರೆ ಸರಿ. ಇಲ್ಲದಿದ್ದರೆ ಮಾನ್ಯತೆ ಪೂರ್ತಿ ರದ್ದು. ರದ್ದಾದರೆ ಲ್ಯಾಬಿಗೆ ಬೀಗ.

ಅಕ್ಕ ಆವತ್ತು ಊಟ ಮಾಡಲಿಲ್ಲ. "ನನ್ನ ಕೈಯಿಂದ ನಿಮ್ಮಿಬ್ಬರ ಅನ್ನಕ್ಕೆ ಕಲ್ಲು ಬಿತ್ತಲ್ಲ, ನಾನು ನಾಳೆಯಿಂದ ಬರೋದಿಲ್ಲ" ಎಂದು ಕಣ್ಣೊರೆಸಿಕೊಂಡರು. "ನೀವು ಬರದಿದ್ದರೆ ಕಾಫಿ ಯಾರು ಮಾಡೋದು?" ಎಂದು ಮೇಷ್ಟ್ರು ಗದರಿದರು. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅವರ ಮುಖ ನೋಡಿದ ಮೇಲೆ ಹೋಯಿತು.

ಈಗ ಬೋರ್ಡಿನ ಪ್ರಶ್ನೆ. ರಸ್ತೆಗೆ ಕಾಣುವಂತೆ ಗೋಡೆಯ ಮೇಲಿನ ಬೋರ್ಡಿನಲ್ಲಿ ಆಳೆತ್ತರದ ಅಕ್ಷರದಲ್ಲಿ 'ಮಾನ್ಯತೆ ಪಡೆದ ಆಹಾರ ಪರೀಕ್ಷಾಲಯ' ಎಂದು ಬರೆಸಿದ್ದೆವು. ಅಳಿಸಿದರೆ ಮತ್ತೆ ಬರೆಸಬೇಕು. ಮೇಷ್ಟ್ರು ಮನೆಯಿಂದ ಮೆಣಸು ಒಣಗಿಸುವ ನೀಲಿ ಟಾರ್ಪಾಲು ತಂದರು. ನಾವು ಮೂವರೂ ಏಣಿ ಹತ್ತಿ ಇಳಿದು, ಬೋರ್ಡನ್ನು ಮುಚ್ಚಿ ಹಗ್ಗ ಬಿಗಿದೆವು.

ಬೋರ್ಡು ಮುಚ್ಚಿದರೆ ನಮ್ಮೂರಿನಲ್ಲಿ ಒಂದೇ ಅರ್ಥ. ಮಧ್ಯಾಹ್ನದೊಳಗೆ ಕೆಳಗಿನ ಬೇಕರಿಯವನು ಮೇಲೆ ಬಂದ. "ಓಪನಿಂಗ್ ಯಾವಾಗ ಸಾರ್? ಕೇಕಿನ ಆರ್ಡರ್ ನಮಗೇ ಕೊಡಿ." ಸಂಜೆ ಶಾಮಿಯಾನದವನು ಬಂದು ಮೆಟ್ಟಿಲು ಅಳತೆ ಮಾಡಿಕೊಂಡು ಹೋದ. ಮಾರನೇ ದಿನ ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ಬಡಾವಣೆಯ ಯುವ ಮುಖಂಡರೊಬ್ಬರ ಕಡೆಯವರು.

"ಏನ್ ಮೇಷ್ಟ್ರೇ, ಅಣ್ಣನಿಗೆ ಹೇಳದೆ ಬೋರ್ಡ್ ಅನಾವರಣ ಇಟ್ಕೊಂಡಿದ್ದೀರಂತೆ?"

"ಅನಾವರಣ ಅಲ್ಲಪ್ಪ, ಇದು ಆವರಣ," ಎಂದರು ಮೇಷ್ಟ್ರು.

"ಅದೆಲ್ಲ ನಮಗೆ ಗೊತ್ತಿಲ್ಲ. ಹಗ್ಗ ಎಳೆಯೋದು ಅಣ್ಣಾನೇ. ಬೇರೆಯವರ ಕೈಲಿ ಎಳೆಸಿದ್ರೋ, ಮೇಲೆ ಒಂದು ಫೋನ್ ಮಾಡಿಸಿ ನಿಮ್ಮ ಮಾನ್ಯತೆಯನ್ನೇ ಸಸ್ಪೆಂಡ್ ಮಾಡಿಸ್ತೀವಿ!"

ಮೇಷ್ಟ್ರು ಎದ್ದು ನಿಂತು ಕೈಮುಗಿದರು. "ಅಣ್ಣನಿಗೆ ತೊಂದರೆ ಬೇಡ. ಅದೊಂದು ನಾವೇ ಮಾಡಿಕೊಂಡಾಗಿದೆ."

ಯಾವ ಊರಿಗೆ?

ಸುದ್ದಿ ಊರೆಲ್ಲ ಹಬ್ಬಿತು. ನಮ್ಮ ಮನೆಯವರ ಕಡೆಯ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಒಬ್ಬರು ನಿವೃತ್ತ ಅಧಿಕಾರಿ ಬಂದು ಕೂತರು. ಹಾಸನದ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು, ನಮ್ಮ ಮಾವನವರ ಸ್ನೇಹಿತರು.

"ಏನಮ್ಮಾ, ನಿಮ್ಮ ಲ್ಯಾಬು ಸಸ್ಪೆಂಡ್ ಆಯ್ತಂತೆ. ಹೆದರಬೇಡ. ನಾನು ಮೂರು ಸಲ ಆಗಿದ್ದೆ," ಎಂದರು, ಮೂರು ಪ್ರಶಸ್ತಿ ಬಂದವರ ಗತ್ತಿನಲ್ಲಿ. "ಮೊದಲನೇ ಸಲ ಸ್ವಲ್ಪ ಬೇಜಾರಾಗುತ್ತೆ. ಎರಡನೇ ಸಲ ಮನೆಗೆ ಸುಣ್ಣ ಬಣ್ಣ ಮಾಡಿಸ್ಕೊಂಡೆ. ಮೂರನೇ ಸಲ ಮಗಳ ಮದುವೆ ಇತ್ತು, ನಾನೇ ಕೇಳಿ ಮಾಡಿಸ್ಕೊಂಡೆ."

ಅದು ನೌಕರರಿಗೆ, ಇದು ಲ್ಯಾಬಿಗೆ, ನಾವು ಖಾಸಗಿಯವರು ಎಂದು ವಿವರಿಸಿದೆ. ಮಾನ್ಯತೆ, ಗಡುವು, ರದ್ದು, ಬೀಗ ಎಲ್ಲವನ್ನೂ ಹೇಳಿದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಪೂರ್ತಿ ಕೇಳಿದರು. ತಲೆಯಾಡಿಸಿದರು. ಅರ್ಥವಾಯಿತು ಎಂದು ನನಗೂ ಸಮಾಧಾನವಾಯಿತು. ಕೈ ತೊಳೆಯುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅದೆಲ್ಲ ಸರಿ. ವಾಪಸ್ ತಗೊಳ್ಳೋವಾಗ ಲ್ಯಾಬನ್ನ ಯಾವ ಊರಿಗೆ ಹಾಕ್ತಾರಂತೆ? ಮಡಿಕೇರಿ ಕೇಳಿಕೊಳ್ಳಿ, ಹವಾ ಚೆನ್ನಾಗಿದೆ."

ಮಾಡಲೇಬೇಡಿ

ಅಮಾನತಾದ ಮೇಲೆ ಗಿರಾಕಿಗಳು ಕಡಿಮೆಯಾದರು ಎಂದುಕೊಂಡರೆ ತಪ್ಪು. ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಒಬ್ಬ ಪ್ರವಾಸಿಗರಿಗೆ ಚಾಕೊಲೇಟು ಮಾರುವವನು. ವರದಿ ಬೇಕು ಎಂದ. ಪರೀಕ್ಷೆ ಮಾಡುವ ಹಾಗಿಲ್ಲ ಎಂದೆ.

"ಟೆಸ್ಟ್ ಮಾಡೋ ಹಾಗಿಲ್ಲ, ಅಷ್ಟೇ ತಾನೇ?"

"ಹೌದು."

"ಮಾಡಿದ್ರೆ ತಪ್ಪಾಗುತ್ತೆ?"

"ತಪ್ಪಾಗುತ್ತೆ."

"ಹಂಗಾದ್ರೆ ಮಾಡಲೇಬೇಡಿ ಮೇಡಂ," ಎಂದ, ನನ್ನ ಮೇಲೆ ಕನಿಕರಪಟ್ಟು. "ಕಾನೂನು ಯಾಕೆ ಮುರೀತೀರಿ? ಬರೀ ರಿಪೋರ್ಟ್ ಕೊಡಿ ಸಾಕು. ನಮಗೆ ಮೊದಲಿಂದಲೂ ಅಷ್ಟೇ ಬೇಕಾಗಿದ್ದದ್ದು."

ಒಳಗೆ ಬಂದು ಹೇಳಿ

ತಪ್ಪು ತಿದ್ದಿಕೊಂಡದ್ದಾಯಿತು. ಯಾರ ಬಾಟ್ಲಿಯನ್ನೂ ವಾಪಸು ಕೊಡುವುದಿಲ್ಲ, ಸ್ಯಾಂಪಲ್ಲಿಗೆ ಲ್ಯಾಬಿನಿಂದಲೇ ಸೀಲು ಮಾಡಿದ ಹೊಸ ಬಾಟ್ಲಿ ಕೊಡುತ್ತೇವೆ ಎಂದು ನಿಯಮ ಬರೆದು ಗೋಡೆಗೆ ಅಂಟಿಸಿದೆವು. ಇನ್ನು ಪರಿಶೀಲನೆಗೆ ಬನ್ನಿ ಎಂದು ಅರ್ಜಿ ಹಾಕಬೇಕು. ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ, ನಮ್ಮ ಲ್ಯಾಬಿನ ಖಾತೆಯ ಒಳಗೆ ಹೋಗಿ. ಖಾತೆ ತೆರೆದರೆ, 'ನಿಮ್ಮ ಮಾನ್ಯತೆ ಅಮಾನತಿನಲ್ಲಿರುವುದರಿಂದ ಪ್ರವೇಶವಿಲ್ಲ' ಎಂದು ಬಂತು. ಸಹಾಯವಾಣಿಗೆ ಫೋನು ಮಾಡಿದೆ.

"ಅಮಾನತು ತೆರವಿಗೆ ಅರ್ಜಿ ಹಾಕಬೇಕು. ಒಳಗೆ ಹೋಗೋಕೆ ಆಗ್ತಿಲ್ಲ."

"ಅಮಾನತು ತೆರವಾದ ಕೂಡಲೇ ಒಳಗೆ ಬಿಡುತ್ತೆ ಮೇಡಂ."

"ತೆರವಾಗಬೇಕಾದ್ರೆ ಅರ್ಜಿ ಹಾಕಬೇಕಲ್ಲಪ್ಪ?"

"ಹೌದು ಮೇಡಂ. ಒಳಗೆ ಬಂದು ಹಾಕಿ."

ಹುಚ್ಚು ಬಿಟ್ಟ ಹೊರತು ಮದುವೆ ಆಗುವುದಿಲ್ಲ, ಮದುವೆ ಆದ ಹೊರತು ಹುಚ್ಚು ಬಿಡುವುದಿಲ್ಲ. ಗಡುವು ಹತ್ತಿರ ಬರುತ್ತಿತ್ತು. ನನಗೆ ನಿದ್ದೆ ಕೆಟ್ಟಿತ್ತು, ಅಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದರು. ಕೊನೆಗೆ ಮೇಷ್ಟ್ರು ಬಿಳಿ ಹಾಳೆಯಲ್ಲಿ ಕೈಬರಹದ ಅರ್ಜಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದರು. ಅದು ಹದಿನೈದೇ ದಿನದಲ್ಲಿ ಮಂಜೂರಾಯಿತು. ಕಾಗದದ ಅರ್ಜಿಯನ್ನು ತಿರಸ್ಕರಿಸುವುದು ಹೇಗೆ ಎಂದು ಆ ಕಚೇರಿಯಲ್ಲಿ ಈಗ ಯಾರಿಗೂ ಗೊತ್ತಿಲ್ಲ.

ಶುದ್ಧ ಕಾಫಿ

ಪರಿಶೀಲನಾಧಿಕಾರಿ ಬರುವ ಮೊದಲೇ ಅವರ ನಿಯಮಗಳು ಬಂದವು. ಲ್ಯಾಬಿನವರಿಂದ ಊಟ, ತಿಂಡಿ, ಪಾನೀಯ, ಉಡುಗೊರೆ ಏನನ್ನೂ ಅವರು ತೆಗೆದುಕೊಳ್ಳುವಂತಿಲ್ಲ.

"ಕಾಫಿನೂ ಇಲ್ವಾ ಸಾರ್?" ಎಂದರು ಅಕ್ಕ.

"ನೀರೂ ಇಲ್ಲ."

ಕೊಡಗಿನಲ್ಲಿ ಮನೆ ಬಾಗಿಲಿಗೆ ಬಂದವರನ್ನು ಒಂದು ಲೋಟ ಕಾಫಿ ಕೊಡದೆ ಕಳಿಸುವುದೆಂದರೆ! ಅಕ್ಕ ಕಾಫಿ ಮಾಡುವ ಒಳಗಿನ ಕೋಣೆಯ ಬಾಗಿಲು ಎಳೆದುಕೊಂಡು, ತನ್ನನ್ನು ತಾನು ನಂಬದವರ ಹಾಗೆ ಅದಕ್ಕೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಅಧಿಕಾರಿ ಬಂದರು. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಪುಸ್ತಕಗಳನ್ನೆಲ್ಲ ನೋಡಿದರು. ಅಕ್ಕನನ್ನು ಕರೆದು, "ಬಾಟ್ಲಿ ತೊಳೆದ ಮೇಲೆ ಅದರಲ್ಲಿ ಏನು ಹಾಕ್ತೀರಿ?" ಎಂದು ಕೇಳಿದರು.

"ಏನೂ ಹಾಕಲ್ಲ ಸಾರ್," ಎಂದರು ಅಕ್ಕ, ಕೊಲೆ ಒಪ್ಪಿಕೊಳ್ಳುವವರ ದನಿಯಲ್ಲಿ.

ಊಟದ ಹೊತ್ತು ಕಳೆದ ಮೇಲೆ ಅವರು ಬ್ಯಾಗಿನಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಎರಡರಲ್ಲೂ ಕಾಫಿಪುಡಿ. ಒಂದಕ್ಕೆ 'ಅ', ಇನ್ನೊಂದಕ್ಕೆ 'ಆ' ಎಂದು ಚೀಟಿ.

"ಇದೇ ನಿಮ್ಮ ಕೊನೆ ಪರೀಕ್ಷೆ. ಒಂದರಲ್ಲಿ ಚಿಕೋರಿ ಬೆರೆಸಿದೆ, ಒಂದು ಶುದ್ಧ ಕಾಫಿ. ಯಾವುದು ಯಾವುದು ಅಂತ ನನ್ನ ಎದುರಿಗೇ ನೋಡಿ ಬರೆದುಕೊಡಿ. ಸರಿಯಾದ್ರೆ ತೆರವಿಗೆ ಶಿಫಾರಸು ಮಾಡ್ತೀನಿ. ತಪ್ಪಾದ್ರೆ ಹೇಳೋದು ಬೇಡ."

ನನಗೆ ಒಳಗೊಳಗೇ ನಗು ಬಂತು. ಕೊಡಗಿನವರಿಗೆ ಕಾಫಿಯ ಪರೀಕ್ಷೆಯೇ! ತಣ್ಣೀರಿನ ಮೇಲೆ ಉದುರಿಸಿದರೆ ಕಾಫಿಪುಡಿ ತೇಲುತ್ತದೆ, ಚಿಕೋರಿ ಕಂದು ಎಳೆ ಬಿಡುತ್ತಾ ಮುಳುಗುತ್ತದೆ. ಆಮೇಲೆ ಎಷ್ಟು ಬೆರಕೆ ಎಂದು ಲೆಕ್ಕ ಹಾಕುವುದಕ್ಕೆ ಬೇರೆ ಪರೀಕ್ಷೆ ಇದೆ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ 'ಅ' ಉದುರಿಸಿದೆ. ಒಂದಿಷ್ಟು ಮುಳುಗಿತು. ಸರಿ, ಇದೇ ಬೆರಕೆ. 'ಆ' ಉದುರಿಸಿದೆ. ಅದಕ್ಕಿಂತ ಜಾಸ್ತಿ ಮುಳುಗಿತು.

ನಗು ನಿಂತಿತು. ಲೋಟ ಬದಲಾಯಿಸಿ ಮಾಡಿದೆ. ನೀರು ಬದಲಾಯಿಸಿ ಮಾಡಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಉಳಿದ ಪರೀಕ್ಷೆಯನ್ನೂ ಮಾಡಿ ಲೆಕ್ಕ ಹಾಕಿದೆ. 'ಅ'ದಲ್ಲಿ ಐದರಲ್ಲೊಂದು ಪಾಲು ಚಿಕೋರಿ, 'ಆ'ದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಶುದ್ಧ ಎನ್ನುವುದು ಎರಡರಲ್ಲೂ ಇಲ್ಲ. ಒಂದು ಶುದ್ಧ ಎಂದು ಅಧಿಕಾರಿ ಬಾಯಿಬಿಟ್ಟು ಹೇಳಿದ್ದಾರೆ. ಮೇಷ್ಟ್ರನ್ನು ಮೂಲೆಗೆ ಕರೆದೆ.

"ಸಾರ್, ಕಡಿಮೆ ಇರೋದನ್ನೇ ಶುದ್ಧ ಅಂತ ಬರೆದುಬಿಡಲಾ? ಅವರು ಹೇಳಿದ್ದಕ್ಕೆ ಸರಿಹೋಗುತ್ತೆ."

"ಲೋಟ ಏನು ಹೇಳ್ತಮ್ಮ?"

"ಎರಡೂ ಮುಳುಗಿದವು ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಹಾಗೇ ಬರಿ. ಮುಳುಗಿದ್ರೆ ಜೊತೆಗೆ ನಾವೂ ಮುಳುಗೋಣ."

ಬರೆದೆ. ಅಧಿಕಾರಿ ಓದಿದರು. ಇಸ್ತ್ರಿ ಮಾಡಿದ ಮುಖದಲ್ಲಿ ಮೊದಲ ಸಲ ಸುಕ್ಕು ಕಂಡಿತು.

"ಏನ್ ಮೇಡಂ ಇದು? ಒಂದು ಶುದ್ಧ ಅಂತ ನಾನೇ ಹೇಳಿದ್ದೀನಲ್ಲ! 'ಅ'ಗೆ ಚಿಕೋರಿ ಬೆರೆಸಿದ್ದು ನಾನೇ, ಐದರಲ್ಲೊಂದು ಪಾಲು, ಅದು ಸರಿ ಇದೆ. 'ಆ' ಶುದ್ಧ ಕಾಫಿ. ಕೈಯಾರೆ ತಂದಿದ್ದೀನಿ."

"ಎಲ್ಲಿಂದ ತಂದ್ರಿ ಸಾರ್?" ಎಂದು ಮೇಷ್ಟ್ರು ಬಹಳ ವಿನಯದಿಂದ ಕೇಳಿದರು.

ಅಧಿಕಾರಿ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ವಿವರಿಸಿದರು. ಕಚೇರಿಯಿಂದ ಬರಬೇಕಾದ ಸೀಲು ಮಾಡಿದ ಸ್ಯಾಂಪಲ್ಲು ಸಮಯಕ್ಕೆ ಬಂದಿರಲಿಲ್ಲವಂತೆ. ಚಿಕೋರಿ ಬೆರೆಸಿದ್ದನ್ನು ಮನೆಯಲ್ಲೇ ಮಾಡಿಕೊಂಡು ಬಂದಿದ್ದರು. ಶುದ್ಧವಾದದ್ದಕ್ಕೆ ಯೋಚನೆಯೇ ಇರಲಿಲ್ಲ, ಹೇಗೂ ಬರುವುದು ಕೊಡಗಿಗೆ. ಬೆಳಿಗ್ಗೆ ದಾರಿಯಲ್ಲಿ 'ತೋಟದಿಂದ ನೇರ, ನೂರಕ್ಕೆ ನೂರು ಶುದ್ಧ, ಚಿಕೋರಿ ಇದೆ ಎಂದು ಸಾಬೀತು ಮಾಡಿದವರಿಗೆ ಬಹುಮಾನ' ಎಂದು ದೊಡ್ಡ ಬೋರ್ಡು ಹಾಕಿದ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದರು.

"ನೀವೇ ನೋಡಿ ಸಾರ್," ಎಂದು ಮೇಷ್ಟ್ರು ಅವರ ಮುಂದೆ ತಣ್ಣೀರಿನ ಲೋಟ ಇಟ್ಟರು. ಅಧಿಕಾರಿ ಕೆಳಗೆ ಕಾರಿಗೆ ಹೋಗಿ ಅದೇ ಅಂಗಡಿಯ ಇನ್ನೊಂದು ಪೊಟ್ಟಣ ತಂದರು. ಒಡೆದು ತಮ್ಮ ಕೈಯಿಂದಲೇ ಉದುರಿಸಿದರು. ಮುಳುಗಿತು. ಮತ್ತೆ ಹೋಗಿ ಇನ್ನೊಂದು ತಂದರು. ಅದೂ ಮುಳುಗಿತು. ಮೂರನೇ ಸಲ ಅವರು ಮೆಟ್ಟಿಲು ಇಳಿದಾಗ ಅಕ್ಕ ಕಿಟಕಿಯಿಂದ ಬಗ್ಗಿ ನೋಡಿ ನನ್ನ ಕಿವಿಯಲ್ಲಿ, "ಡಿಕ್ಕಿ ತುಂಬಾ ಅದೇ ಪೊಟ್ಟಣ ಕಣೇ!" ಎಂದರು.

ಅಧಿಕಾರಿ ಮೇಲೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ಈಗ ಅವರು ಪರಿಶೀಲನಾಧಿಕಾರಿಯ ಹಾಗೆ ಕಾಣುತ್ತಿರಲಿಲ್ಲ, ನಮ್ಮ ಎಲ್ಲ ಗಿರಾಕಿಗಳ ಹಾಗೆಯೇ ಕಾಣುತ್ತಿದ್ದರು.

"ಕೊಡಗಿಗೆ ಹೋಗ್ತಿದ್ದೀರಲ್ಲ, ಒಳ್ಳೆ ಕಾಫಿಪುಡಿ ತನ್ನಿ ಅಂತ ಕಚೇರಿಯಲ್ಲಿ ಎಲ್ಲ ಸಾಹೇಬರೂ ಹೇಳಿದ್ರು," ಎಂದರು ಸಣ್ಣ ದನಿಯಲ್ಲಿ. "ಕಾಳುಮೆಣಸು, ಏಲಕ್ಕಿನೂ ಅಲ್ಲೇ ತಗೊಂಡಿದ್ದೀನಿ. ಅದನ್ನೊಂದು ಸ್ವಲ್ಪ ನೋಡಿ ಹೇಳಿಬಿಡಿ ಮೇಷ್ಟ್ರೇ. ಹಾಗೇ ಕೊಟ್ಟು ಆಮೇಲೆ ಗೊತ್ತಾದ್ರೆ ನನ್ನ ಗತಿ ಏನು?"

"ಅಯ್ಯೋ ಸಾರ್, ನೋಡ್ತಿದ್ದೆ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಆದ್ರೆ ಮಾನ್ಯತೆ ಅಮಾನತಿನಲ್ಲಿದೆ. ಸ್ಯಾಂಪಲ್ಲು ಮುಟ್ಟೋ ಹಾಗಿಲ್ಲ. ನಿಮ್ಮ ಆದೇಶವೇ."

"ತೆರವಾಗೋಕೆ ಸಾಹೇಬರ ಸಹಿ ಆಗಬೇಕು," ಎಂದು ಅಧಿಕಾರಿ ಗೊಣಗಿದರು.

"ಯಾವ ಸಾಹೇಬರು ಸಾರ್?"

ಅಧಿಕಾರಿ ಕಿಟಕಿಯಾಚೆ, ಕೆಳಗೆ ನಿಂತ ಕಾರಿನ ಡಿಕ್ಕಿಯ ಕಡೆ ಕೈ ತೋರಿಸಿದರು.

ಅಷ್ಟು ತಿಂಗಳು ಬಾರದ ಆದೇಶ ನಾಲ್ಕನೇ ದಿನಕ್ಕೆ ಬಂತು. ಅಮಾನತು ತೆರವುಗೊಳಿಸಲಾಗಿದೆ, ಲ್ಯಾಬಿನ ಪ್ರಾಮಾಣಿಕತೆ ಪ್ರಶಂಸನೀಯ. ಅಕ್ಕ ಅತ್ತರು, ನಾನೂ ಅತ್ತೆ, ಮೇಷ್ಟ್ರು ಕನ್ನಡಕ ಹುಡುಕುವ ನೆಪದಲ್ಲಿ ಒಳಗೆ ಹೋದರು.

ಐದನೇ ದಿನ ಮೊದಲ ಸ್ಯಾಂಪಲ್ಲು ಬಂತು. ಮೇಲಿನ ಕಚೇರಿಯಿಂದಲೇ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಹಿಂದೆ ಯಾರ್ಯಾರೋ ಕೊಡಗಿನ ಪರಿಶೀಲನೆಗೆ ಬಂದಾಗ ಕೊಂಡು ಹೋಗಿದ್ದ ಕಾಫಿಪುಡಿ, ಮೆಣಸು, ಏಲಕ್ಕಿ, ಎಲ್ಲ ಸಾಹೇಬರ ಅಡುಗೆಮನೆಗಳಿಂದಲೂ ಬಂದಿತ್ತು. ಪ್ರತಿ ಪೊಟ್ಟಣಕ್ಕೂ ನಂಬರು, ಮೇಲೊಂದು ಕಾಗದ, ಅದಕ್ಕೆ ಕಚೇರಿಯ ಮೊಹರು. 'ಅತಿ ತುರ್ತು' ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸೂಚನೆ ಕೊಟ್ಟಿದ್ದರು.

'ವರದಿಯನ್ನು ಯಾವ ಕಾರಣಕ್ಕೂ ಈ ಕಚೇರಿಗೆ ಕಳುಹಿಸತಕ್ಕದ್ದಲ್ಲ. ಫೋನಿನಲ್ಲಿ ಹೇಳಿದರೆ ಸಾಕು.'